ಗಾಳಿಕೊಳವೆಯ ಮುಚ್ಚಳ

ಆ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ನಿಂಬೆಹಣ್ಣು ಕೊಯ್ಯುತ್ತಿದ್ದುದನ್ನು ನೋಡಿ ಚಿತ್ರಾನ್ನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೋಳುಗಳನ್ನು ಬಿಸಿನೀರಿಗೆ ಹಿಂಡಿ, ಬಟ್ಟಲು ಹಿಡಿದುಕೊಂಡು ಪಡಸಾಲೆಗೆ ಬಂದು, ಮೀನಿನ ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು ತೆರೆದು ನೆಲದ ಮೇಲೆ ಕೂತಳು.

"ನೊರೆ ಸರಿಯಾಗಿ ಬರ್ತಿಲ್ಲ ರೀ," ಎಂದಳು. "ಇದು ಗಾಳಿ ಎಳೀತಿಲ್ಲ."

ನಮ್ಮದು ಚನ್ನಗಿರಿ. ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಬೈಕಿನಿಂದ ಹಿಡಿದು ಲಾರಿಯವರೆಗೆ ಎಲ್ಲ ಟೈರಿಗೂ ಅಲ್ಲಿ ಕೆಲಸ. ಅವಳು ರಕ್ತಪರೀಕ್ಷೆಯ ಒಂದು ಲ್ಯಾಬಿನಲ್ಲಿದ್ದಳು. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಆ ಕಡೆಯ ಹೆಣ್ಣಿಗೆ ಸಮುದ್ರದ ಮೀನು ಸಾಕುವ ಹುಚ್ಚು ಹೇಗೆ ಹತ್ತಿತು ಎಂದು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಸಮುದ್ರ ನೋಡಿದ್ದಳಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರೆ, ತಾನು ಚೂಡಿದಾರದ ಒದ್ದೆ ಅಂಚನ್ನು ಹಿಂಡದೆ ಹಾಗೇ ಕಾಲಿಗೆ ಅಂಟಿಸಿಕೊಂಡು ಕೂತಿದ್ದೆ ಎಂದು ಹೇಳಿದ್ದಳು. ಅದಕ್ಕಿಂತ ದೊಡ್ಡ ಕಾರಣ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೊಟ್ಟಿಯಲ್ಲಿ ಇದ್ದದ್ದು ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು, ಅವು ಮೈ ಉಜ್ಜಿಕೊಂಡು ಮಲಗುವ ಒಂದು ಕಡಲಹೂವು, ಕಲ್ಲಿನ ಸಂದಿಯಲ್ಲಿ ಒಂದು ಕೆಂಪು ಸೀಗಡಿ. ಕಡಲಹೂವು ಎಂದರೆ ಹೂವಲ್ಲ, ಅದೂ ಒಂದು ಪ್ರಾಣಿ, ಬೆರಳುಗಳಂತೆ ಮೈ ಅಲ್ಲಾಡಿಸುತ್ತಿರುತ್ತದೆ. ಇವೆಲ್ಲವನ್ನೂ ಅವಳಿಗೆ ಕೊಟ್ಟವರು ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬರು. ಅವರ ಮನೆಯಲ್ಲೂ ಇಂಥದೇ ತೊಟ್ಟಿ ಇದೆ. ತಮ್ಮ ಹಳೆಯ ಸ್ಕಿಮ್ಮರನ್ನೂ ಅವರೇ ಕೊಟ್ಟಿದ್ದರು.

ಸ್ಕಿಮ್ಮರ್ ಅಂದರೆ ಏನು ಎಂದು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಸುತ್ತಲೇ ಇದೆ. ಮೀನು ತಿಂದು ಬಿಟ್ಟದ್ದು, ಮೀನಿನ ಮೈಯಿಂದ ಹೊರಟದ್ದು ಉಪ್ಪುನೀರಿನಲ್ಲಿ ಕರಗಿ ಉಳಿಯುತ್ತದೆ. ಅದನ್ನು ತೆಗೆಯುವುದು ಈ ಪ್ರೋಟೀನ್ ಸ್ಕಿಮ್ಮರ್. ಮೊಣಕಾಲುದ್ದದ ಒಂದು ಪಾರದರ್ಶಕ ಕಂಬ, ಬುಡದಲ್ಲೊಂದು ಸಣ್ಣ ಪಂಪು. ಪಂಪು ನೀರನ್ನು ಸೆಳೆಯುವಾಗ, ಅದರ ಬಾಯಿಗೆ ಜೋಡಿಸಿದ ತೆಳ್ಳನೆಯ ಕೊಳವೆಯಿಂದ ಗಾಳಿಯೂ ತಾನಾಗಿ ಒಳಗೆ ಹೋಗುತ್ತದೆ. ಪಂಪಿನ ಚಕ್ರದ ಮುಳ್ಳುಗಳು ಆ ಗಾಳಿಯನ್ನು ಹಿಟ್ಟಿನಷ್ಟು ನುಣ್ಣಗೆ ಒಡೆಯುತ್ತವೆ. ಕೊಳೆ ಆ ಗುಳ್ಳೆಗಳಿಗೆ ಅಂಟಿಕೊಂಡು ಮೇಲೇರಿ, ಕಂದು ನೊರೆಯಾಗಿ ತುದಿಯ ಕಪ್ಪಿನೊಳಗೆ ಬೀಳುತ್ತದೆ. ನೀರಿಗೆ ಉಸಿರು ಸಿಗುವುದೂ ಅದರಿಂದಲೇ. ಆ ಕಪ್ಪಿನ ವಾಸನೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೆ ಮಾತ್ರ ಅದು ಎಷ್ಟು ಕಪ್ಪಗೆ ತುಂಬಿದರೆ ಅಷ್ಟು ಸಮಾಧಾನ.

ಆ ದಿನ ಕಪ್ಪಿನ ತಳದಲ್ಲಿ ಚಹಾ ತೊಳೆದ ನೀರಿನಷ್ಟು ತೆಳ್ಳಗಿನದು ಮಾತ್ರ ಇತ್ತು.

ಗಾಳಿಕೊಳವೆಯ ತುದಿಗೆ ಸದ್ದಡಗಿಸುವ ಒಂದು ಮುಚ್ಚಳವಿತ್ತು. ಹೆಬ್ಬೆರಳಿನ ಗಾತ್ರದ ಕಪ್ಪು ಪ್ಲಾಸ್ಟಿಕ್, ತಲೆಯಲ್ಲಿ ಸಣ್ಣ ತೂತು, ಒಳಗೆ ಸ್ಪಂಜಿನ ಚೂರು. ತೂತಿನ ಸುತ್ತ ಉಪ್ಪು ಕಟ್ಟಿ ಬೆಳ್ಳಗಾಗಿತ್ತು. ಅವಳು ಅದನ್ನು ತಿರುಗಿಸಿ ತೆಗೆದಳು. ಕೊಳವೆಯನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಒಳಗೆ ಉಪ್ಪು ಉಂಗುರದಂತೆ ಬೆಳೆದು ದಾರಿಯನ್ನೇ ಕಿರಿದು ಮಾಡಿತ್ತು. ಎರಡನ್ನೂ ನಿಂಬೆನೀರಿನಲ್ಲಿ ಹಾಕಿದಳು. ಉಪ್ಪು ಕರಗುವವರೆಗೆ ಗೋಡೆಗೆ ಒರಗಿ ಕೂತಳು. ಕೂತಲ್ಲೇ ಎಡಗಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದಳು. ಹಿಂದಿನ ವಾರದಿಂದ ಅಲ್ಲಿ ಹಿಡಿದುಕೊಂಡಂತಾಗಿದೆ ಎಂದು ಎಣ್ಣೆ ತಿಕ್ಕುತ್ತಿದ್ದಳು.

ಲ್ಯಾಬಿನವಳಾದ್ದರಿಂದ ಪರೀಕ್ಷೆ ಮಾಡದೆ ಏನನ್ನೂ ನಂಬುತ್ತಿರಲಿಲ್ಲ. ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ತೆಗೆದು, ಔಷಧಿಯ ಹನಿ ಹಾಕಿ, ಬಾಗಿಲ ಬೆಳಕಿಗೆ ಹೋಗಿ ನೋಡಿದಳು. ನೀರು ಹುಳಿಯ ಕಡೆಗೆ ತಿರುಗಿತ್ತು. ಕಾರಣವೂ ಅವಳಿಗೆ ಗೊತ್ತಿತ್ತು. ಅಡಿಕೆ ಸುಗ್ಗಿ. ನಮ್ಮ ಮನೆಯ ಹಿಂದಿನ ಕಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಬೇಯಿಸುತ್ತಿದ್ದರು. ಹಂಡೆಗಳ ಹೊಗೆ ಒಳಗೆ ಬಾರದಿರಲೆಂದು ನಾವು ಸುಗ್ಗಿ ಮುಗಿಯುವವರೆಗೆ ಕಿಟಕಿ ತೆರೆಯುತ್ತಿರಲಿಲ್ಲ.

"ಮುಚ್ಚಿಟ್ಟು ಮುಚ್ಚಿಟ್ಟು ಒಳಗಿನ ಗಾಳಿ ಕೆಟ್ಟೈತೆ," ಎಂದಳು. "ನಾವು ಬಿಟ್ಟ ಉಸಿರನ್ನೇ ಇದು ತಗೊಂಡೋಗಿ ನೀರಿಗೆ ಕೊಡ್ತೈತೆ. ನಂಗೂ ಅದಕ್ಕೇ ನಿನ್ನೆಯಿಂದ ಉಸಿರು ಸಾಲ್ತಿಲ್ಲ ನೋಡ್ರಿ."

ಹೌದು ಎಂದೆ. ನಮ್ಮಿಬ್ಬರಿಗೂ ಅದರಲ್ಲಿ ಸಂಶಯ ಬರಲಿಲ್ಲ. ಬಾಗಿಲಿನಿಂದ ತೊಟ್ಟಿಯವರೆಗೆ ನಡೆದು ಬಂದವಳು ಮಾತು ಮುಂದುವರಿಸುವ ಮೊದಲು ಸ್ವಲ್ಪ ನಿಂತಳು. ಅದನ್ನೂ ಮನೆಯ ಗಾಳಿಯ ಲೆಕ್ಕಕ್ಕೇ ಹಾಕಿದೆವು.

ಅವಳ ಯೋಜನೆ ಸಿದ್ಧವಾಗಿತ್ತು. ಕಪಾಟಿನೊಳಗಿನ ಗಾಳಿ ಬೇಡ, ಮನೆಯೊಳಗಿನದೂ ಬೇಡ. ಕೊಳವೆಯನ್ನು ಗೋಡೆಗುಂಟ ಮೇಲೆ ಒಯ್ದು, ಮುಂಬಾಗಿಲ ಮೇಲಿನ ಗವಾಕ್ಷಿಯಿಂದ ಹೊರಗೆ ಬಿಡುವುದು. ಅಲ್ಲಿ ರಸ್ತೆಯ ಕಡೆಯ ಗಾಳಿ ಸಿಗುತ್ತದೆ, ಕಣದ ಹೊಗೆ ಅಷ್ಟು ಬರುವುದಿಲ್ಲ. ದಾರಿ ಉದ್ದವಾದರೆ ಪಂಪಿಗೆ ಎಳೆಯುವುದು ಕಷ್ಟ, ಆದ್ದರಿಂದ ಕೊಳವೆ ದಪ್ಪ ಇರಬೇಕು. ದಪ್ಪ ಕೊಳವೆಯ ಸುರುಳಿಯನ್ನು ಆಗಲೇ ತಂದಿಟ್ಟಿದ್ದಳು. ಬರುವ ಭಾನುವಾರ ಇಬ್ಬರೂ ಸೇರಿ ಅದನ್ನು ಕಟ್ಟುವುದೆಂದು ಮಾತಾಯಿತು.

ಅಷ್ಟೆಲ್ಲ ಯಾಕೆ, ಅಂಗಡಿಯಿಂದ ಕಂಪ್ರೆಸರ್ ತಂದು ಒಂದು ಸಲ ಗಾಳಿ ಹೊಡೆದರೆ ಮುಗಿಯಿತಲ್ಲ ಎಂದು ಛೇಡಿಸಿದೆ.

"ಇದು ಲಾರಿ ಟೈರಲ್ಲ ರೀ," ಎಂದಳು. "ನೀವು ತುಂಬಾಕೆ ಹೋದ್ರೆ ಹಾಳಾಗ್ತೈತೆ. ಅದು ತಾನೇ ಎಳ್ಕೋಬೇಕು."

ಆಮೇಲೆ ತೊಳೆದ ಕೊಳವೆಯನ್ನು ಜೋಡಿಸಿ, ಪಂಪು ಹಾಕಿ, ನನ್ನ ಕೈ ಹಿಡಿದು ತೋರುಬೆರಳನ್ನು ಕೊಳವೆಯ ಬಾಯಿಗೆ ಇಟ್ಟಳು. ಚರ್ಮ ಒಳಕ್ಕೆ ಸೆಳೆದುಕೊಂಡಿತು. ಎಳೆಯ ಕರು ಬೆರಳು ಚೀಪಿದ ಹಾಗೆ. ಬೆರಳು ತೆಗೆದ ಕೂಡಲೇ ಸುಂಯ್ ಎಂಬ ಸದ್ದು ಶುರುವಾಯಿತು. ಮುಚ್ಚಳ ಇಲ್ಲದ್ದರಿಂದ ಆ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ಸ್ಪಂಜು ಒಣಗಬೇಕು, ಮುಚ್ಚಳ ನಾಳೆ ಹಾಕುತ್ತೇನೆ ಎಂದು ಅದನ್ನು ಎಲ್ಲೋ ಇಟ್ಟಳು. ಸಂಜೆಯ ಹೊತ್ತಿಗೆ ಕಪ್ಪಿನಲ್ಲಿ ದಪ್ಪ ನೊರೆ ಏರತೊಡಗಿತ್ತು. ಅವಳು ಚಹಾ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತ ಕೂತಿದ್ದಳು.

ಸೋಮವಾರ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಕರೆದರೆ ಮಾತಾಡಲಿಲ್ಲ. ಕೈ ಎತ್ತಿ, ತಡಿ ಎಂಬಂತೆ ಸನ್ನೆ ಮಾಡಿದಳು. ದಾವಣಗೆರೆಗೆ ಕರೆದುಕೊಂಡು ಹೋದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಅಲ್ಲಿಂದ ಬಿಟ್ಟು ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದು ಡಾಕ್ಟರು ಹೇಳಿದರು. ಯಾವ ಕಾಲು ಎಂದು ನಾನು ಕೇಳಲಿಲ್ಲ. ಮುಖಕ್ಕೆ ಕಟ್ಟಿದ ಮಾಸ್ಕಿನೊಳಗೆ ಅವಳ ಉಸಿರು ಮಂಜಾಗುತ್ತಿತ್ತು, ಆರುತ್ತಿತ್ತು. ಗಾಳಿಯನ್ನು ಅವರು ಕೊಡುತ್ತಲೇ ಇದ್ದರು. ಎಳೆದುಕೊಳ್ಳುವುದು ಅವಳಿಂದ ಆಗಲಿಲ್ಲ. ಹೊತ್ತು ಮುಳುಗುವ ಮೊದಲೇ ಮುಗಿಯಿತು.

ಅವಳನ್ನು ಮನೆಗೆ ತಂದಾಗ, ಮಂದಿ ಬಾಗಿಲಲ್ಲಿ ದಾರಿ ಬಿಟ್ಟು ನಿಂತಾಗ, ಅಳು ಒಂದು ಕ್ಷಣ ತಗ್ಗಿದಾಗ, ನನಗೆ ಕೇಳಿಸಿದ್ದು ಆ ಸದ್ದು. ಕಪಾಟಿನೊಳಗೆ ಸ್ಕಿಮ್ಮರ್ ಒಂದೇ ಸಮನೆ ಗಾಳಿ ಎಳೆಯುತ್ತಿತ್ತು. ಮನೆಯಲ್ಲಿ ಯಾರಿಲ್ಲದಾಗಲೂ ಅದು ಎಳೆಯುತ್ತಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಬಿಳಿಚೋಡಿನಿಂದ ಬಂದವರೆಲ್ಲ ಒಬ್ಬೊಬ್ಬರಾಗಿ ಹೋದರು. ಅವಳ ತಾಯಿ ಮಾತ್ರ ಉಳಿದರು. ಶಿವಗಣಾರಾಧನೆ ಮುಗಿಸಿಯೇ ಹೋಗುತ್ತೇನೆ ಎಂದರು. ನಮ್ಮ ಅತ್ತೆ ಹೊಲ, ಕುರಿ ಎರಡನ್ನೂ ನೋಡಿಕೊಂಡು ಬಂದವರು. ಹೆಚ್ಚು ಮಾತಿಲ್ಲ. ಮಗಳ ತೊಟ್ಟಿ ಅವರಿಗೆ ಎಂದೂ ಸೇರಿರಲಿಲ್ಲ. ಕುಡಿಯಾಕೆ ಬರದ ನೀರನ್ನ ಕಾಯ್ಕೊಂಡು ಕೂರ್ತೀಯಲ್ಲೇ ಎಂದು ಬಂದಾಗಲೆಲ್ಲ ಅನ್ನುತ್ತಿದ್ದರು. ನಿಮ್ಮ ಕುರಿ ಹಾಲು ಯಾರು ಕುಡೀತಾರೆ ಬಿಡವ್ವ ಎಂದು ಇವಳು ತಿರುಗಿಸಿ ಹೇಳುತ್ತಿದ್ದಳು.

ಆ ದಿನಗಳಲ್ಲಿ ಮನೆ ಹೊತ್ತಾರೆಯಿಂದ ಸಂಜೆಯವರೆಗೆ ತುಂಬಿರುತ್ತಿತ್ತು. ಮಾತಾಡಿಸಲು ಬರುವವರು ಬರುತ್ತಿದ್ದರು. ಹಿಂದಿನ ಕಣದ ಹೊಗೆ ನಿಂತಿರಲಿಲ್ಲ, ಆದ್ದರಿಂದ ಕಿಟಕಿಗಳು ಮುಚ್ಚಿಯೇ ಇದ್ದವು. ಅವಳ ಫೋಟೊದ ಮುಂದೆ ದೀಪ, ಊದುಬತ್ತಿ, ಬೆಳಿಗ್ಗೆ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ. ಆ ಹೊಗೆ ಸೂರಿನ ಕೆಳಗೆ ತೆಳ್ಳಗೆ ಹರಡಿ, ಮೆಲ್ಲಗೆ ತೊಟ್ಟಿಯ ಕಡೆಗೆ ಬಾಗುತ್ತಿತ್ತು ಎಂದು ನನಗೆ ಅನಿಸುತ್ತಿತ್ತು. ಕಪಾಟಿನ ಬಾಗಿಲ ಸಂದಿಯಿಂದ ಅದು ಒಳಗೆ ಹೋಗುವುದನ್ನು ಒಂದು ಸಲ ಕಣ್ಣಾರೆ ನೋಡಿದೆ.

ಮೀನುಗಳಿಗೆ ಊಟ ಹಾಕುವುದು ಬಿಟ್ಟರೆ ನಾನು ಏನನ್ನೂ ಮುಟ್ಟುತ್ತಿರಲಿಲ್ಲ. ಆದರೆ ನೋಡುತ್ತಿದ್ದೆ. ಕಡಲಹೂವು ಮೊದಲಿನಷ್ಟು ಅರಳುತ್ತಿರಲಿಲ್ಲ. ಸೀಗಡಿ ಸಂದಿಯಿಂದ ಹೊರಗೆ ಬಂದು ಬಯಲಲ್ಲಿ ನಿಲ್ಲುತ್ತಿತ್ತು, ಅದು ಅದರ ಸ್ವಭಾವವಲ್ಲ. ಅವಳು ಬಿಟ್ಟುಹೋದದ್ದರಲ್ಲಿ ಉಸಿರಾಡುತ್ತಿದ್ದದ್ದು ಇವಿಷ್ಟೇ. ಇವು ಉಳಿಯಬೇಕು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿತ್ತು. ಯಾರಿಗಾದರೂ ಹೇಳಿದರೆ, ಹೆಂಡತಿ ಹೋದ ಮನೆಯಲ್ಲಿ ಮೀನಿನ ಚಿಂತೆಯೇ ಎಂದಾರು ಎಂದು ಹೇಳಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅತ್ತೆ ಗೋಡೆಗೆ ಒರಗಿ ಕೂತು, ಕಪಾಟಿನ ಕಡೆಗೆ ಮುಖ ಮಾಡಿ ಕೇಳಿದರು.

"ಅಳಿಯಾರೆ, ನನ್ನ ಮಗಳು ಕೊನೀಗೆ ಹಿಂಗೇ ಉಸಿರು ಎಳೀತಿದ್ಲಾ?"

ಆಸ್ಪತ್ರೆಗೆ ಅವರು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೋಡಿದ್ದವನು ನಾನೊಬ್ಬ.

"ಇಲ್ಲ ಅತ್ತೆ," ಎಂದೆ. "ಇಷ್ಟು ಸಲೀಸಾಗಿ ಎಳೀಲಿಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಆ ಸಪ್ಪಳ ಕೇಳಿ ಕೇಳಿ ಎದೆಯೊಳಗೆ ಕೂತುಬಿಟ್ಟಿದೆ, ಅದನ್ನು ನಿಲ್ಲಿಸುವುದಕ್ಕೆ ಆಗುವುದಿಲ್ಲವೇ ಎಂದರು. ಅದಕ್ಕೊಂದು ಮುಚ್ಚಳ ಇದೆ, ಹುಡುಕುತ್ತೇನೆ ಎಂದೆ. ಹುಡುಕಿದೆ. ನಿಂಬೆನೀರಿನ ಬಟ್ಟಲನ್ನು ಯಾರೋ ತೊಳೆದು ಪಾತ್ರೆಗಳ ಜೊತೆ ಬೋರಲು ಹಾಕಿದ್ದರು. ಮುಚ್ಚಳ ಅದರ ಹತ್ತಿರ ಇರಲಿಲ್ಲ. ಕಪಾಟಿನಲ್ಲಿ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಅವಳು ಹೇರ್‌ಪಿನ್ನು ಇಡುತ್ತಿದ್ದ ಡಬ್ಬಿಯಲ್ಲಿ, ಎಲ್ಲೂ ಇರಲಿಲ್ಲ.

ಆರಾಧನೆಯ ಹಿಂದಿನ ದಿನ ಮನೆ ತೊಳೆಯುವುದು ನಮ್ಮಲ್ಲಿ ಪದ್ಧತಿ. ಅತ್ತೆ ಬೆಳಿಗ್ಗೆಯೇ ಸೀರೆ ಎತ್ತಿ ಕಟ್ಟಿ ನಿಂತರು. ಸಂಬಂಧಿಕರ ಹೆಂಗಸರು ಇಬ್ಬರು, ಪಕ್ಕದ ಮನೆಯ ಮುದುಕಿ ಒಬ್ಬರು ಕೂಡಿದರು. ಸಾವಾದ ಮನೆ ಎಂದು ಯಾವುದರಲ್ಲೂ ಕೈ ಹಿಡಿಯಲಿಲ್ಲ. ಬಕೆಟ್ಟಿಗೆ ಸೋಪಿನ ಪುಡಿ, ಅದರ ಮೇಲೆ ಫಿನಾಯಿಲು, ಮೂಲೆಮೂಲೆಗೂ ಸುರಿದು ಉಜ್ಜಿದರು. ತೊಳೆದು ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಮನೆಯ ಎಲ್ಲ ಕೋಣೆಗೂ ಸಾಂಬ್ರಾಣಿ ಹಿಡಿದರು. ನಾನು ಹೊರಗೆ ಶಾಮಿಯಾನದವನ ಜೊತೆ ಇದ್ದೆ. ಒಳಗಿನಿಂದ ಕೂಗಿದರು.

ಕಪಾಟಿನ ಬಾಗಿಲ ಕೆಳಗಿನಿಂದ ಬಿಳಿ ನೊರೆ ಹೊರಗೆ ಬರುತ್ತಿತ್ತು. ಹಾಲು ಉಕ್ಕಿದ ಹಾಗೆ ಅಲ್ಲ, ಅಷ್ಟು ಅವಸರವಿರಲಿಲ್ಲ. ನಿಧಾನಕ್ಕೆ, ತೊಳೆದ ನೆಲದ ಮೇಲೆ ದಾರಿ ಹುಡುಕುತ್ತ, ಇಳಿಜಾರಿದ್ದ ಕಡೆಗೆ ಬರುತ್ತಿತ್ತು. ಇಳಿಜಾರು ಇದ್ದದ್ದು ಅವಳ ಫೋಟೊ ಇಟ್ಟಿದ್ದ ಮಣೆಯ ಕಡೆಗೆ. ಹೆಂಗಸರು ಕಾಲು ಹಿಂದೆ ತೆಗೆದು ಗೋಡೆಗೆ ಸೇರಿದ್ದರು. ಕೆಂಡದ ತಟ್ಟೆ ಒಬ್ಬರ ಕೈಯಲ್ಲೇ ಹೊಗೆಯಾಡುತ್ತಿತ್ತು.

"ಆಕಿ ಹೋಗಾಕೆ ಒಲ್ಲೆ ಅಂತಾಳೆ," ಎಂದರು ಪಕ್ಕದ ಮನೆಯ ಮುದುಕಿ. "ಸತ್ತೋರು ಸಾಕಿದ್ದನ್ನ ಹಿಂಗೆ ಇಟ್ಕೋಬಾರದು. ನಾಳೆ ಜಂಗಮರು ಬರೋದ್ರೊಳಗೆ ಇದನ್ನ ಮನೆ ದಾಟಿಸ್ರಿ."

ಅತ್ತೆ ನನ್ನ ಕಡೆ ನೋಡಿದರು. ನಿಲ್ಲಿಸಿ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಪ್ಲಗ್ ಕಿತ್ತೆ.

ಸದ್ದು ನಿಂತಿತು. ಆ ಭಾನುವಾರದಿಂದ ಈಚೆಗೆ ಮನೆಯಲ್ಲಿ ಅದು ನಿಂತದ್ದು ಅದೇ ಮೊದಲು. ಹಿಂದಿನ ಕಣದಲ್ಲಿ ಸೌದೆ ಸಿಡಿಯುವುದು, ಬೀದಿಯಲ್ಲಿ ಯಾರೋ ಕೆಮ್ಮಿದ್ದು ಎಲ್ಲ ಕೇಳತೊಡಗಿತು. ಹೆಂಗಸರು ಗೋಣಿಚೀಲ ಹಾಕಿ ನೊರೆ ಒರೆಸಿದರು. ಎಲ್ಲ ಸರಿಹೋಯಿತು ಎಂದುಕೊಂಡು ಅವರು ಚಹಾ ಕುಡಿಯಲು ಹೊರಗೆ ಹೋದರು.

ಅತ್ತೆ ಮತ್ತು ನಾನು ತೊಟ್ಟಿಯ ಮುಂದೆ ಉಳಿದೆವು. ಮೊದಲು ಸೀಗಡಿ ಪಕ್ಕಕ್ಕೆ ವಾಲಿ ಮಲಗಿತು. ಅದರ ಕಾಲುಗಳು ಸ್ವಲ್ಪ ಹೊತ್ತು ನೀರು ಕೆದರಿ ಸುಮ್ಮನಾದವು. ಆಮೇಲೆ ಎರಡೂ ಮೀನು ಕಡಲಹೂವನ್ನು ಬಿಟ್ಟು ಮೇಲಕ್ಕೆ ಬಂದವು. ನೀರಿನ ಅಂಚಿಗೆ ಬಾಯಿ ಇಟ್ಟು, ತೆರೆದು, ಮುಚ್ಚಿ, ತೆರೆದು. ಪಕ್ಕೆಗಳು ಬೇಗಬೇಗ ಆಡುತ್ತಿದ್ದವು. ಆ ಬಾಯಿಗಳನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೆ. ಮುಖ ತಿರುಗಿಸಿಕೊಂಡೆ.

ಅತ್ತೆ ತಿರುಗಿಸಿಕೊಳ್ಳಲಿಲ್ಲ. ಗಾಜಿಗೆ ಮುಖ ಹತ್ತಿರ ತಂದು ನೋಡಿದರು. ನಾನು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಅವರು ಅಲ್ಲಿ ನೋಡಿದರು ಎಂದು ಈಗಲೂ ನನಗೆ ಅನಿಸುತ್ತದೆ.

"ಅದನ್ನ ಹಾಕ್ರಿ ಅಳಿಯಾರೆ," ಎಂದರು.

ಹಾಕಿದೆ. ಮತ್ತೆ ನೊರೆ ಉಕ್ಕಿತು. ತುದಿಯ ಕಪ್ಪು ತುಂಬಿ ಹೊರಕ್ಕೆ ಚೆಲ್ಲಿತು, ಆದರೆ ಅದು ಬರೀ ಬಿಳಿ ನೊರೆ, ಅದರಲ್ಲಿ ಕೊಳೆ ಇರಲಿಲ್ಲ. ಗಾಳಿ ಸಾಲದು, ಅದಕ್ಕೇ ಹೀಗೆ ಎಂದು ನನಗೆ ತೋಚಿತು. ಬೈಕಿನ ಪೆಟ್ಟಿಗೆಯಲ್ಲಿ ರಸ್ತೆಯಲ್ಲಿ ನಿಂತ ಗಾಡಿಗಳಿಗೆಂದು ಇಟ್ಟುಕೊಂಡ ಗಾಳಿ ಹಾಕುವ ಸಣ್ಣ ಮಿಷಿನ್ ಇತ್ತು. ಓಡಿಹೋಗಿ ತಂದು, ಅದರ ಮೂತಿಯನ್ನು ಗಾಳಿಕೊಳವೆಗೆ ತುರುಕಿ ಚಾಲೂ ಮಾಡಿದೆ. ಜೀವನವಿಡೀ ನಾನು ಮಾಡಿದ್ದು ಅದೊಂದೇ ಕೆಲಸ. ಗಾಳಿ ಇಲ್ಲದಿದ್ದಲ್ಲಿ ಗಾಳಿ ತುಂಬುವುದು.

ಕಂಬದೊಳಗಿನ ಹಿಟ್ಟಿನಂಥ ಗುಳ್ಳೆಗಳೆಲ್ಲ ಒಡೆದು, ಕುದಿಯುವ ಎಸರಿನಂತೆ ದೊಡ್ಡ ದೊಡ್ಡ ಗುಳ್ಳೆ ಎದ್ದವು. ಪಂಪು ಗೊರಗೊರ ಅಂದಿತು. ತುದಿಯ ಕಪ್ಪಿನ ಮೇಲ್ಮುಚ್ಚಳ ಹಾರಿ, ಕೊಳೆನೀರು ನನ್ನ ಮುಖಕ್ಕೂ ಅಂಗಿಗೂ ಹೊಡೆಯಿತು. ಮಿಷಿನ್ ಕಿತ್ತು ಎಸೆದೆ. ಅದು ತಾನೇ ಎಳ್ಕೋಬೇಕು ಎಂದು ಅವಳು ಇದೇ ಜಾಗದಲ್ಲಿ ಕೂತು ಹೇಳಿದ್ದಳು.

ನ್ಯಾಮತಿಯವರಿಗೆ ಫೋನ್ ಮಾಡಿದೆ. ಅವರು ಮಣ್ಣಿಗೆ ಬಂದಿದ್ದರು, ದೂರ ನಿಂತು ಅತ್ತು ಹೋಗಿದ್ದರು. ಮನೆ ಯಾವುದರಿಂದ ತೊಳೆದಿರಿ ಎಂಬುದೇ ಅವರ ಮೊದಲ ಪ್ರಶ್ನೆ. ಹೇಳಿದೆ. ಫಿನಾಯಿಲಿನ, ಸೋಪಿನ ಆವಿಯನ್ನೆಲ್ಲ ಅದು ಗಾಳಿಯ ಜೊತೆ ಎಳೆದುಕೊಂಡಿದೆ, ನೊರೆ ಕೆರಳುವುದು ಅದಕ್ಕೇ ಎಂದರು. ತುದಿಯ ಕಪ್ಪನ್ನು ತೆಗೆದಿಡಬೇಕು, ನೊರೆ ಅಲ್ಲೇ ಕೆಳಗೆ ಬಿದ್ದರೆ ಬೀಳಲಿ, ಗಾಳಿ ಮಾತ್ರ ನಿಲ್ಲಬಾರದು. ಹೊಸ ಉಪ್ಪುನೀರು ಕಲಸಿದ್ದು ಇದ್ದರೆ ಸ್ವಲ್ಪ ಬದಲಾಯಿಸಬೇಕು. ಎಲ್ಲಕ್ಕಿಂತ ಮೊದಲು ಹೊರಗಿನ ಗಾಳಿ ಕೊಡಬೇಕು, ಆದರೆ ಕಣದ ಕಡೆಯದಲ್ಲ. ನಾಳೆ ಮಧ್ಯಾಹ್ನ ಡ್ರಮ್ಮು ತೆಗೆದುಕೊಂಡು ಬರುತ್ತೇನೆ, ನಿಮಗೆ ಬೇಡವಾದರೆ ನಾನೇ ಸಾಕಿಕೊಳ್ಳುತ್ತೇನೆ ಎಂದರು. ಆಗಲಿ ಎಂದೆ. ಆಗ ನನಗೂ ಅದೇ ಸರಿ ಅನಿಸಿತ್ತು. ನಾಳೆಯವರೆಗೆ ಇವು ಬದುಕಿದ್ದರೆ ಸಾಕು.

ಮೊದಲು ತುದಿಯ ಕಪ್ಪನ್ನು ತೆಗೆದಿಟ್ಟೆ. ದಪ್ಪ ಕೊಳವೆಯ ಸುರುಳಿ ಕಪಾಟಿನ ಪಕ್ಕದಲ್ಲಿ ಅವಳು ಇಟ್ಟಲ್ಲೇ ಇತ್ತು. ನಾನು ಸ್ಟೂಲಿನ ಮೇಲೆ ನಿಂತೆ. ಅತ್ತೆ ಸ್ಟೂಲು ಹಿಡಿದು, ಸುರುಳಿಯನ್ನು ಬಿಡಿಸುತ್ತ ಮೇಲಕ್ಕೆ ಕೊಟ್ಟರು. ಎಲ್ಲೂ ಮಡಿಚಿಕೊಳ್ಳದಂತೆ, ಎಲ್ಲೂ ಜೋತು ನೀರು ನಿಲ್ಲದಂತೆ ಗೋಡೆಗುಂಟ ಮೊಳೆ ಹೊಡೆದು ಕಟ್ಟಿದೆ. ಗವಾಕ್ಷಿಯ ಸಿಮೆಂಟಿನ ಜಾಲರಿಯಲ್ಲಿ ಒಂದು ಕಣ್ಣಿನಿಂದ ಹೊರಗೆ ದಾಟಿಸಿ, ಮಳೆಹನಿ ಬೀಳದಂತೆ ತುದಿಯನ್ನು ಕೆಳಕ್ಕೆ ಬಗ್ಗಿಸಿದೆ. ಹುಳ ಹೋಗದಿರಲೆಂದು ಬಾಯಿಗೆ ಬಟ್ಟೆ ಕಟ್ಟೋಣ ಎಂದೆ. ಬಟ್ಟೆ ಕಟ್ಟಿದರೆ ಅದಕ್ಕೆ ಮತ್ತೆ ಉಸಿರು ಕಟ್ಟುವುದಿಲ್ಲವೇ ಎಂದು ಅತ್ತೆ ಕೇಳಿದರು. ಹೌದಲ್ಲ ಅನಿಸಿತು. ಹಳೆಯ ಸೊಳ್ಳೆಪರದೆಯ ಚೂರು ಕತ್ತರಿಸಿ ಕೊಟ್ಟರು.

ಕೆಳಗಿನ ತುದಿಯನ್ನು ಪಂಪಿನ ತೆಳ್ಳನೆಯ ಕೊಳವೆಗೆ ಸಿಕ್ಕಿಸಿ ನಾನು ಒಳಗೆ ಕೂತೆ. ಎಳೆಯುತ್ತಿದೆಯೋ ಇಲ್ಲವೋ ನೋಡಬೇಕಿತ್ತು. ಪರದೆ ಕಟ್ಟುವ ಮೊದಲು ಹೊರಗಿನ ತುದಿಗೆ ಬೆರಳು ಇಟ್ಟು ನೋಡಿ ಎಂದು ಅತ್ತೆಗೆ ಹೇಳಿದೆ. ಅವರು ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಹತ್ತಿದರು. ಬಹಳ ಹೊತ್ತು ಮಾತೇ ಬರಲಿಲ್ಲ. ಏನಾಯಿತು ಎಂದು ನಾನು ಹೊರಗೆ ಬಂದೆ. ಅವರು ಕೊಳವೆಯ ಬಾಯಿಗೆ ಬೆರಳು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದರು.

"ಎಳೀತೈತೆ," ಎಂದರು.

ಇಳಿಯಲು ಕೈ ಕೊಟ್ಟೆ.

ಸಂಜೆಗೆ ನೊರೆ ತಗ್ಗಿತು. ಮೀನುಗಳು ಮೇಲಿನಿಂದ ಇಳಿದು ನಡುನೀರಿಗೆ ಬಂದವು. ಸೀಗಡಿಯನ್ನು ನಾನೇ ತೆಗೆದೆ. ಕಡಲಹೂವು ಮುಷ್ಟಿಯ ಹಾಗೆ ಮುದುಡಿಕೊಂಡಿತ್ತು, ಅದು ಸತ್ತಿದೆಯೋ ಬದುಕಿದೆಯೋ ತಿಳಿಯುತ್ತಿರಲಿಲ್ಲ.

ಮರುದಿನ ಆರಾಧನೆ ನಡೆಯಿತು. ಉಂಡವರು ಕೈ ತೊಳೆಯುತ್ತಿದ್ದಾಗ ನ್ಯಾಮತಿಯವರ ಓಮ್ನಿ ಬಂತು. ಹಿಂದಿನ ಸೀಟು ಬಿಚ್ಚಿ ನೀಲಿ ಡ್ರಮ್ಮುಗಳನ್ನು ಇಟ್ಟುಕೊಂಡು ಬಂದಿದ್ದರು. ಪಕ್ಕದ ಮನೆಯ ಮುದುಕಿ ಅವರನ್ನು ನೋಡಿ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡರು. ನ್ಯಾಮತಿಯವರು ಕಪಾಟಿನ ಮುಂದೆ ಕೂತು ನೊರೆ ನೋಡಿದರು, ಗೋಡೆಗುಂಟ ಹೋದ ಕೊಳವೆಯನ್ನು ಕಣ್ಣಿನಿಂದಲೇ ಗವಾಕ್ಷಿಯವರೆಗೆ ಹಿಂಬಾಲಿಸಿದರು, ಹನಿ ಹಾಕಿ ನೀರು ಪರೀಕ್ಷಿಸಿದರು. ನೀರಿನ ಹುಳಿ ಇಳಿಯತೊಡಗಿದೆ ಎಂದರು. ಆದರೆ ಇನ್ನೂ ಸೋತಿವೆ, ಈಗ ಹಿಡಿದರೆ ದಾರಿಯ ಅಲುಗಾಟ ತಡೆಯುವುದಿಲ್ಲ.

"ಹೊನ್ನಾಳಿ ಸೇತುವೆ ದಾಟೋದ್ರೊಳಗೆ ಸಾಯ್ತಾವೆ," ಎಂದರು. "ನಿಮ್ದೇ ತೀರ್ಮಾನ."

ನಾನು ಬಾಯಿ ತೆರೆಯುವ ಮೊದಲು ಅತ್ತೆ ಒಳಬಾಗಿಲಿನಿಂದ, ಮೊದಲು ಆ ಮೀನಿಗೂ ಒಂದು ಊಟ ಹಾಕ್ರಿ, ನಿಮಗೂ ಎಲೆ ಹಾಕಿದೆ, ಬರ್ರಿ ಎಂದು ಅವರನ್ನು ಕರೆದರು. ಅಷ್ಟೇ. ಡ್ರಮ್ಮುಗಳು ಖಾಲಿ ವಾಪಸು ಹೋದವು.

ಇದಾಗಿ ಇನ್ನೊಂದು ಸುಗ್ಗಿ ಬಂದಿದೆ. ಹಿಂದಿನ ಕಣದಲ್ಲಿ ಮತ್ತೆ ಹಂಡೆ ಇಟ್ಟಿದ್ದಾರೆ. ಕಡಲಹೂವು ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಅರಳಿತು, ಆದರೆ ಒಂದು ಪಕ್ಕ ಇನ್ನೂ ಕುಗ್ಗಿಯೇ ಇದೆ. ಎರಡು ಮೀನೂ ಇವೆ. ನ್ಯಾಮತಿಯವರು ಬಸ್ಸಿನ ಡ್ರೈವರನ ಕೈಯಲ್ಲಿ ದಪ್ಪ ಕೊಳವೆಗೆ ಹೊಂದುವ ಹೊಸ ಮುಚ್ಚಳ ಕಳಿಸಿದರು. ಗವಾಕ್ಷಿಯ ಹೊರಗೆ ಕೊಳವೆಯ ತುದಿಗೆ ಸರಿಯಾಗಿ ಕೂತಿತು, ಸದ್ದು ನಿಂತಿತು. ಅಂದು ನಾನು ಊಟ ಮಾಡಲಾಗದೆ ಎದ್ದೆದ್ದು ಹೋಗಿ ಕಪಾಟು ತೆರೆದು ನೋಡುತ್ತಿದ್ದೆ. ಸದ್ದಿಲ್ಲದಿದ್ದರೆ ಅದು ಎಳೆಯುತ್ತಿದೆ ಎಂದು ಹೇಗೆ ತಿಳಿಯಬೇಕು? ಹೊಸ ಮುಚ್ಚಳ ತೆಗೆದು ಡಬ್ಬಿಗೆ ಹಾಕಿದೆ.

ಮೊದಲು ಆ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಈಗ ಅದು ಬದಲಾದರೆ ಜುಮ್ಮೆನ್ನುತ್ತದೆ. ಕರೆಂಟು ಹೋದರೆ ಅಂಗಡಿಯಿಂದ ಮನೆಗೆ ಓಡುತ್ತೇನೆ. ಅತ್ತೆ ಬಿಳಿಚೋಡಿನಿಂದ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳುವುದಿಲ್ಲ. ಎಳೀತೈತಾ ಎಂದು ಕೇಳುತ್ತಾರೆ. ನಾನು ಫೋನನ್ನು ಕಪಾಟಿನೊಳಗೆ ಹಿಡಿಯುತ್ತೇನೆ. ಅವರು ಆ ಕಡೆ ಕೇಳುತ್ತಾರೆ, ಆಮೇಲೆ ಫೋನ್ ಇಡುತ್ತಾರೆ.

ನಿನ್ನೆಯಿಂದ ನೊರೆ ತೆಳುವಾಗಿದೆ. ಸದ್ದಿನ ಕೊನೆಯಲ್ಲಿ ಸಣ್ಣದೊಂದು ಶಿಳ್ಳೆ ಸೇರಿಕೊಂಡಿದೆ, ಎಲ್ಲೋ ಉಪ್ಪು ಕಟ್ಟುತ್ತಿರಬೇಕು. ಇವತ್ತು ಬೆಳಿಗ್ಗೆ ನಿಂಬೆಹಣ್ಣು ಹಿಂಡಿ ಬಟ್ಟಲು ತಂದು ನೆಲದ ಮೇಲೆ ಕೂತೆ. ಪಂಪಿನ ಕಡೆಯ ತೆಳ್ಳನೆಯ ಕೊಳವೆ ಬಿಚ್ಚಿ ನೀರಿಗೆ ಹಾಕಿ, ಉಪ್ಪು ಕರಗುವವರೆಗೆ ಗೋಡೆಗೆ ಒರಗಿದೆ. ಕೂತವಳ ಕೈಗೆ ಎಲ್ಲೆಲ್ಲಿ ಎಟುಕುತ್ತಿತ್ತು ಎಂದು ಮತ್ತೊಮ್ಮೆ ಸುತ್ತ ತಡಕಿದೆ. ಕಪಾಟಿನ ಹಿಂದೆ, ತೊಟ್ಟಿಯ ಕಾಲಿನ ಬುಡದಲ್ಲಿ, ಬಾಗಿಲ ಸಂದಿಯಲ್ಲಿ. ಆಸ್ಪತ್ರೆಯಿಂದ ಕೊಟ್ಟ ಚೀಲವನ್ನು ಇದುವರೆಗೆ ಬಿಚ್ಚಿರಲಿಲ್ಲ, ಅದನ್ನೂ ಬಿಚ್ಚಿದೆ. ನೈಟಿಯ ಜೇಬಿನಲ್ಲಿ ಒಂದು ಹೇರ್‌ಪಿನ್ನು ಇತ್ತು.

ಆ ಕಪ್ಪು ಮುಚ್ಚಳ ಇನ್ನೂ ಸಿಕ್ಕಿಲ್ಲ.